ಟವೆಲ್ ಕೆಳಗಿನ ಪರದಿ

ಯಲ್ಲಾಲಿಂಗಗ ತನ್ನ ಅಕ್ಷರದ ಮ್ಯಾಲ ಇದ್ದಷ್ಟು ಸೊಕ್ಕು ಸಿಂದಗಿಯೊಳಗ ಯಾರಿಗೂ ಯಾತರ ಮ್ಯಾಲೂ ಇರಲಿಲ್ಲ ಬಿಡ್ರಿ. ಇಪ್ಪತ್ತು ವರ್ಷ ಬ್ರಶ್ ಹಿಡದಾಂವ. ಬಸ್‌ಸ್ಟ್ಯಾಂಡಿನಿಂದ ಎಪಿಎಂಸಿ ತನಕಾ ಯಾವ ಅಂಗಡಿ ಬೋರ್ಡ್ ನೋಡಿದ್ರೂ ಕೆಳಗ ಬಲಕ್ಕ ‘ಯಲ್ಲಾಲಿಂಗ ಆರ್ಟ್ಸ್’ ಅಂತ ಸಹಿ. ಮಳಿ-ಬಿಸಲಿಗೆ ಅಂಗಡಿ ಹೆಸರು ಮಾಸಿ ಹೋದ್ರೂ ಆ ಸಹಿ ಮಾಸತಿರಲಿಲ್ಲ, ಯಾಕಂದ್ರ ಅದಕ್ಕಷ್ಟ ಛಲೋ ಬಣ್ಣ ಹಾಕತಿದ್ದ ಈ ಭೂಪ. ಟ್ರ್ಯಾಕ್ಟರ್ ಟ್ರಾಲಿ ಹಿಂದ ಹುಲಿ ಬರದು, ಆ ಹುಲಿಗೆ ಟ್ರ್ಯಾಕ್ಟರ್ ಮಾಲಕನ ಮೀಸಿ ಹಚ್ಚಿ, ಮಾಲಕನ ಕಡೆಯಿಂದ ಶಾಬಾಸ್ ಅನ್ನಿಸಿಕೊಂಡಾಂವ.

ಎರಡು ಸಾವಿರದ ಮೂರನೇ ಇಸವಿಯೊಳಗ ಅವನ ಹೆಂಡ್ತಿಯ ತಮ್ಮ ಬಾಜೂಕಿನ ಇಂಡಿ ಊರಾಗ ಫ್ಲೆಕ್ಸ್ ಮಶೀನ್ ಹಾಕಿದ. ಅಲ್ಲಿಗೆ ಮುಗೀತು ನೋಡ್ರಿ ಬ್ರಶ್ಶಿನ ಕತಿ. ಫ್ಲೆಕ್ಸ್ ಅರ್ಧಾ ತಾಸಿನ್ಯಾಗ ಕೈಗೆ ಬರತಿತ್ತು, ಮ್ಯಾಲ ಮಾಲಕನ ಮಾರಿನೂ ಅದರಾಗ ನಗತಿತ್ತು. ಯಾರು ನಾಕು ದಿನ ಪೇಂಟರನ ಹಾದಿ ಕಾಯ್ತಾರ? ಒಂದಿನ ಆ ಹೆಂಡ್ತಿಯ ತಮ್ಮ ಇವನ ಮನಿಗೆ ಬಂದು, ಚಾ ಕುಡದು, ಭಾಳ ಕನಿಕರದಿಂದ ಅಂದ:

“ಮಾಮಾ, ಸುಮ್ಮ ಯಾಕ ಕುಂದ್ರತಿ, ನಮ್ಮಲ್ಲೇ ಬಾ. ಫ್ಲೆಕ್ಸಿಗೆ ಮೊಳಿ ಹೊಡಿಯಾಕ ಒಬ್ಬಾಂವ ಬೇಕಾಗ್ಯಾನ.”

ಮೊಳಿ ಹೊಡಿಯಾಕ! ಅದೂ ಇವನ ಕೈ ಕೆಳಗ! ಯಲ್ಲಾಲಿಂಗಗ ಎರಡು ದಿನ ರೊಟ್ಟಿ ಇಳೀಲಿಲ್ಲ. ಮೂರನೇ ದಿನ ಎದ್ದಾಂವನ ಜಯಮಾಲಾಬಾಯಿಯವರ ಕಂಪ್ಯೂಟರ್ ಕ್ಲಾಸಿಗೆ ಹೆಸರು ಹಚ್ಚಿದ.

ಅಲ್ಲಿ ಇಂವನ ಅವತಾರ ಏನ್ ಕೇಳ್ತೀರಿ. ಅಕ್ಷರದ ತಲಿಕಟ್ಟು ಎಳಿಯಾಕ ಮೌಸನ್ನ ಟೇಬಲ್ ಬಿಟ್ಟು ಮ್ಯಾಲಕ್ಕೆತ್ತಿ ಗಾಳ್ಯಾಗ ಆಡಸತಿದ್ದ. “ಕೆಳಗಿಡ್ರಿ ಪೇಂಟರ್, ಅದು ಬ್ರಶ್ ಅಲ್ಲ” ಅಂತ ಜಯಮಾಲಾ ಬಾಯಿ ನೋವು ಬರೂಮಟ ಹೇಳಿದ್ಳು. ಒಂದು ಅಕ್ಷರ ಕೂಡಿಸಿದ ಕೂಡ್ಲೆ ಎದ್ದು, ಒಂದು ಕಣ್ಣು ಮುಚ್ಚಿ, ಹತ್ತು ಹೆಜ್ಜಿ ಹಿಂದ ಸರದು ನೋಡಾಂವ. ಹಿಂದಿನ ಸಾಲಿನ ಹುಡುಗ್ಯಾರ ಕುರ್ಚಿ ಒಂದೂ ನೆಟ್ಟಗ ಉಳೀಲಿಲ್ಲ. ಖರೆ ಹೇಳಬೇಕಂದ್ರ, ಮೂರು ತಿಂಗಳಾಗೂದ್ರಾಗ ಅಂವ ಮಾಡಿದ ಲಗ್ನಪತ್ರಿಕಿ ನೋಡಿ ಜಯಮಾಲಾಬಾಯಿನs ಬೆರಗಾದ್ಳು. ವಿಜಾಪುರದ ಒಂದು ಕಂಪನಿಯ ಅನೀಲಕುಮಾರ ಅನ್ನೋ ಇಂಜಿನಿಯರು ಕಂಪ್ಯೂಟರ್ ಪರದಿ ಮ್ಯಾಲ ಕನ್ನಡದಾಗ ಚಿತ್ರ-ಅಕ್ಷರ ಮಾಡಾಂವ ಬೇಕು ಅಂತ ಹುಡುಕೊಂತ ಬಂದಾಗ, ಅಕಿ ಇವನ್ನs ತೋರಿಸಿದ್ಳು.

ಅನೀಲಕುಮಾರನ ಕಂಪನಿ ಬೆರಳಿಲೆ ಮುಟ್ಟಿದ್ರ ಉತ್ತರ ಕೊಡೂವಂಥ ಯಂತ್ರ ಇಡಾಕತ್ತಿತ್ತು. ನಿಂತ ಮನಶ್ಯಾನಷ್ಟು ಎತ್ತರದ ಕಟ್ಟಿಗಿ ಪೆಟ್ಟಿಗಿ, ಎದಿ ಮಟ್ಟಕ್ಕ ಗಾಜಿನ ಪರದಿ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಕೂ ಪ್ಯಾಟಿಯಾಗ ಇವತ್ತ ತೊಗರಿ ಏನು ದರ, ಜೋಳ ಏನು ದರ ಅಂತ ರೈತ ತಾನs ಒತ್ತಿ ನೋಡಬೇಕು. ಮದಲ ಸಿಂದಗಿಯೊಳಗ ಒಂದು ಇಟ್ಟು ಪರೀಕ್ಷಾ.

“ಎರಡು ತಿಂಗಳು ನಿಮ್ಮನ್ನ ಕಚ್ಚಾ ತಗೊಂತೇವಿ” ಅಂದ ಅನೀಲಕುಮಾರ. “ಕಡೀ ಸಂತಿ ದಿನ ನಮ್ಮ ಸಾಹೇಬ್ರು ಬರ್ತಾರ. ಅವತ್ತ ಯಾರೂ ತೋರಿಸಿಕೊಡದs ಐವತ್ತು ಮಂದಿ ಯಂತ್ರ ಬಳಸಬೇಕು. ಬಳಸಿದ್ರ ನೀವು ಪಕ್ಕಾ ಡಿಸೈನರ್. ಇಲ್ಲಂದ್ರ ನಿಮ್ಮ ಹಾದಿ ನಿಮಗ.”

ಅವನ ಹಾದಿ ಎಲ್ಲಿಗೆ ಹೊಕ್ಕೈತಿ ಅಂತ ಯಲ್ಲಾಲಿಂಗಗ ಚೆನ್ನಾಗಿ ಗೊತ್ತಿತ್ತು. ಇಂಡಿಗೆ, ಮೊಳಿ ಡಬ್ಬಿ ಹಿಡಕೊಂಡು.

ಅದಕ್ಕs ಜೀವಾ ತೇಯ್ದು ಮದಲನೇ ಪರದಿ ಮಾಡಿದ. ಹಿಂದ ತೊಗರಿ ಹೊಲ, ಅದರಾಚೆ ಸೂರ್ಯ, ಈಚೆ ಜೋಡೆತ್ತು, ಎತ್ತಿನ ಕೊಂಬಿಗೆ ಗೊಂಡೆ. ಅಕ್ಷರಕ್ಕ ಮೂರು ಮೂರು ನೆರಳು. ಒತ್ತೂ ಗುಂಡಿ ಮೂವತ್ತೆರಡು, ಒಂದೊಂದಕ್ಕ ಒಂದೊಂದು ಬಣ್ಣ. ಕೆಳಗ ಬಲಕ್ಕ, ಹೇಳೂದs ಬ್ಯಾಡ, ಸಹಿ. ಅನೀಲಕುಮಾರ ಅದಕ್ಕ ತನ್ನ ಕೈಚಳಕಾನೂ ಕೂಡಿಸಿದ: ಯಂತ್ರಕ್ಕ ದನಿ ಕೊಟ್ಟ. ಗುಂಡಿ ಒತ್ತಿದ್ರ ಒಳಗಿಂದ ಒಬ್ಬಾಕಿ ಹೆಣ್ಮಗಳು ಕಣಕಣ ದನಿಲೆ ದರ ಹೇಳತಿದ್ಳು.

ಸಂತಿ ದಿನ ಯಂತ್ರ ಇಟ್ರು. ಯಾರು ಎಲ್ಲೆಲ್ಲಿ ಒತ್ತಿದ್ರು ಅಂತ ಅದು ತಾನs ಬರದಿಟಗೊಂತಿತ್ತು. ಸಂಜೀಗೆ ತಗದು ನೋಡಿದ್ರ ಹನ್ನೊಂದು ಸಲ ಒತ್ತಿದ್ರು. ಅದರಾಗ ಹತ್ತು ಯಲ್ಲಾಲಿಂಗನ ಸಹಿ ಮ್ಯಾಲ! ಇಡೀ ಪರದಿಯೊಳಗ ಎದ್ದು ಕಾಣೂದು ಅದೊಂದs ಆಗಿತ್ತು, ಮಂದಿ ಅದs ಗುಂಡಿ ಅಂತ ಒತ್ತಿ ಒತ್ತಿ ಬ್ಯಾಸತ್ತು ಹೋಗಿದ್ರು. ಒಬ್ಬಾಂವ ಗಾಜಿನ್ಯಾಗ ಮಾರಿ ನೋಡಕೊಂಡು ತಲಿ ಹಿಕ್ಕೊಂಡಿದ್ದ. ಯಾರೋ ಪುಣ್ಯಾತ್ಮರು ಎತ್ತಿನ ಹಣಿಗೆ ವಿಭೂತಿ ಹಚ್ಚಿ ಕೈ ಮುಗದು ಹೋಗಿದ್ರು.

ಮನಿಗೆ ಬಂದು ಯಲ್ಲಾಲಿಂಗ ಚಪ್ಪಲಿ ಒಂದು ಕಡೆ ಒಗದ, ಟವೆಲ್ ಒಂದು ಕಡೆ ಒಗದ. “ಮಂದಿಗೆ ಬುದ್ಧಿ ಇಲ್ಲ! ಚಿತ್ರ ತಿಳಿಯೂದಿಲ್ಲ, ಬಣ್ಣ ತಿಳಿಯೂದಿಲ್ಲ, ದನಾ ಅದಾವ ದನಾ!”

ಹೆಂಡ್ತಿ ರೇಣುಕಾ ಹೊಲಿಗಿ ಮಶೀನಿನ ಮುಂದ ಕುಂತಿದ್ಳು. ಓಣಿ ಹೆಣ್ಮಕ್ಕಳ ಜಂಪರ್ ಎಲ್ಲಾ ಹೊಲಿಯಾಕಿ ಅಕಿನ. ತಲಿ ಎತ್ತಲಿಲ್ಲ.

“ಮನ್ನಿ ಬಾಜೂ ಮನಿ ಗುಂಡವ್ವನ ಜಂಪರ್ ಅಕಿಗೆ ಏರಲಿಲ್ಲ. ಆಗ ನಾ ಏನ್ ಅನಬೇಕಿತ್ತು? ಗುಂಡವ್ವ, ನಿನ್ನ ರಟ್ಟಿದs ತಪ್ಪೈತಿ ಅಂತ ಅನಬೇಕಿತ್ತೇನು?”

“ಜಂಪರಿಗೂ ನನ್ನ ಪರದಿಗೂ ಏನ್ ಸಂಬಂಧ?”

“ಯಾರ ಅಳತಿ ತಗೊಂಡು ಹೊಲದಿ ಅದನ್ನ?” ಅಂದ್ಳು ರೇಣುಕಾ, ಹಲ್ಲಿಲೆ ದಾರ ಕಡಕೋತ.

ಯಲ್ಲಾಲಿಂಗ ಒಗದ ಟವೆಲ್ ಎತ್ತಿಕೊಂಡ. ಅಳತಿ ತನ್ನದs ತಗೊಂಡಿದ್ದ ಅಂತ ಅವಂಗ ಗೊತ್ತಾತು, ಆದ್ರ ಅದನ್ನ ಹೆಂಡ್ತಿ ಮುಂದ ಒಪ್ಪಿಕೊಳ್ಳೂವಷ್ಟು ದೊಡ್ಡ ಮನಸು ಅವತ್ತ ಬರಲಿಲ್ಲ.

ಮುಂದಿನ ಸಂತಿಗೆ ತಲಿಗೆ ರುಮಾಲು ಸುತ್ತಿ, ಮುಂದ ಎರಡು ಚೀಲ ಇಟಗೊಂಡು, ಯಂತ್ರದ ಬಾಜೂಕ ರೈತನಂಗ ಕುಂತ. ಮಂದಿ ಬರ್ತಾರ, ನೋಡ್ತಾರ, ಹೊಕ್ಕಾರ. ಮಾಳಿಂಗಪ್ಪ ಅನ್ನೋ ಒಬ್ಬ ಹಿರ್ಯಾ ಅಂತೂ ಮೂರು ಸಲ ಬಂದ. ಬೆರಳು ಚಾಚತಾನ, ಹಿಂದ ನೋಡತಾನ, ಕೆಮ್ಮತಾನ, ಹೋಗಿ ಬಿಡತಾನ. ನಾಕನೇ ಸಲ ಯಲ್ಲಾಲಿಂಗಗ ತಡಿಯಾಕಾಗಲಿಲ್ಲ.

“ಯಾಕ ಕಾಕಾ, ಓದಾಕ ಬರವಲ್ದೇನು?”

“ಓದಾಕ ಬರದs ಏನಾಗೇತಿ!” ಮಾಳಿಂಗಪ್ಪ ಸಿಡದ. “ಏಳನೇತ್ತೆ ಪಾಸ್ ಆಗೇನಿ ನಾ. ಹ್ವಾದ ಸಂತಿಗೆ ಇಂಡಿ ತೊಗರಿ ದರ ನೋಡಬೇಕಂತ ಒತ್ತಿದೆ. ಆ ಯಂತ್ರದ ಬಾಯಾಗ ಮಣ್ಣ ಬೀಳಲಿ! ‘ಇಂಡಿ ಪ್ಯಾಟಿ ತೊಗರಿ ದರ’ ಅಂತ ಊರಿಗೆಲ್ಲಾ ಕೇಳೂವಂಗ ಒದರಿತು. ಹಿಂದ ನೋಡಿದ್ರ ವರ್ಷಾ ನನ್ನ ಮಾಲು ಮಾರಿಸಿಕೊಡೂ ಅಡತಿ ಅಂಗಡಿ ಗುರಪ್ಪ ನಿಂತಾನ! ‘ಏನ್ ಮಾಳಿಂಗಪ್ಪ, ಈ ಸಲ ಮಾಲು ಇಂಡಿಗೆ ಒಯ್ಯಾಂವೇನು?’ ಅಂದ. ಅವತ್ತಿನಿಂದ ಅಂಗಡ್ಯಾಗ ನನಗ ಚಾ ಇಲ್ಲ.”

“ಅಷ್ಟs ಆತೇನು?”

“ಅಷ್ಟs ಅಂತಿಯಲ್ಲೋ ತಮ್ಮಾ! ಎತ್ತಿನ ಸಂತಿ ನೋಡಿಯೋ ಇಲ್ಲೋ? ಕೈ ಚಾಚು.” ಮಾಳಿಂಗಪ್ಪ ಹೆಗಲ ಮ್ಯಾಲಿನ ಟವೆಲ್ ತಗದು ಇಬ್ಬರ ಕೈ ಮ್ಯಾಲ ಹಾಸಿ, ಅದರ ಕೆಳಗ ಯಲ್ಲಾಲಿಂಗನ ಎರಡು ಬೆರಳು ಹಿಡದು ಒತ್ತಿದ. “ಕೇಳಾಂವ ಹಿಂಗ ಕೇಳತಾನ, ಕೊಡಾಂವ ಹಿಂಗ ಹೇಳತಾನ. ಸುತ್ತ ನೂರು ಮಂದಿ ನಿಂತಿರಲಿ, ಒಂದು ನೊಣಕ್ಕೂ ಗೊತ್ತಾಗಂಗಿಲ್ಲ. ದರ ಅಂದ್ರ ಮುಚ್ಚಿಕೊಂಡು ಆಡೂ ಮಾತು. ಈ ಯಂತ್ರದಾಂವ್ರು ಅದನ್ನ ಡಂಗುರಾ ಹೊಡಸ್ಯಾರ!”

ಯಲ್ಲಾಲಿಂಗ ತಲಿ ಮ್ಯಾಲಿನ ರುಮಾಲು ಬಿಚ್ಚಿದ. ಅಲ್ಲ, ತಾನೂ ಇದs ಊರಾಗ ಹುಟ್ಟಿ ಬೆಳದಾಂವ, ತನ್ನಪ್ಪ ಎತ್ತು ಮಾರೂದನ್ನ ನೋಡಿದಾಂವ. ಬಣ್ಣ ಬಳಿಯೂ ಸಡಗರದಾಗ ಇಷ್ಟು ಮರತ್ನಲ್ಲ ಅಂತ ನಾಚಿಕಿ ಆತು.

ಆ ವಾರ ಜಯಮಾಲಾಬಾಯಿ ಕ್ಲಾಸಿನ್ಯಾಗ ಕುಂತು ಎಲ್ಲಾ ಕಿತ್ತು ಹಾಕಿದ. ಹೊಲ ಹೋತು, ಸೂರ್ಯ ಮುಳುಗಿದ, ಎತ್ತು ಕೊಟ್ಟಿಗಿ ಸೇರಿದ್ವು. ದನಿ ಬಂದ್ ಮಾಡಿದ. ಮೂವತ್ತೆರಡು ಗುಂಡಿ ಹೋಗಿ ಆರು ಉಳದ್ವು: ಮದಲ ತೊಗರಿ, ಜೋಳ; ಆಮ್ಯಾಲ ನಾಕು ಮೂಲಿಗೆ ನಾಕು ಊರು. ಕಡೀಗೆ ಸಹಿ ಉಳೀತು. ಅದನ್ನ ಅಳಸೂ ಮುಂದ ಮೌಸ್ ಮೂರು ಸಲ ಹಿಡದು ಮೂರು ಸಲ ಬಿಟ್ಟ. ಜಯಮಾಲಾ ಚಾ ತಂದು ಬಾಜೂಕಿಟ್ಟು ಹೋದ್ಳು. ಚಾ ಆರೂದ್ರಾಗ ಅಳಸಿದ.

ದರ ಮಾತ್ರ ಸಣ್ಣ ಅಕ್ಷರದಾಗ ಬರೂವಂಗ ಮಾಡಿದ. ಹಿಂದ ನಿಂತಾಂವಗ ಕಾಣಬಾರದಲ್ಲ? ಒಂದು ಕಣ್ಣು ಮುಚ್ಚಿ ಹತ್ತು ಹೆಜ್ಜಿ ಹಿಂದ ಸರದ. ಏನೂ ಕಾಣಲಿಲ್ಲ! ಜೀವನದಾಗ ಮದಲನೇ ಸಲ ತನ್ನ ಅಕ್ಷರ ಕಾಣದ್ದಕ್ಕ ಖುಷಿಯಾಗಿ ಚಪ್ಪಾಳಿ ಹೊಡದ. ಅದನ್ನ ಯಂತ್ರಕ್ಕ ಹಾಕಿ, ಮಾಳಿಂಗಪ್ಪನ್ನ ಕರಕೊಂಡು ಬಂದು ತೋರಿಸಿದ. ಮಾಳಿಂಗಪ್ಪ ಗಾಜಿಗೆ ಮೂಗು ಹಚ್ಚಿ ಅತ್ತಿಂದಿತ್ತ ತಿಕ್ಕಿ, “ತಮ್ಮಾ, ಹಿಂದಿನಾಂವಗೂ ಕಾಣೂದಿಲ್ಲ, ನನಗೂ ಕಾಣೂದಿಲ್ಲ. ಛಲೋ ನ್ಯಾಯ ಮಾಡಿದಿ” ಅಂದ.

ಮತ್ತ ಕುಂತ. ಮತ್ತ ಅಕ್ಷರ ದೊಡ್ಡು ಮಾಡಿದ. ಆಮ್ಯಾಲ ಮಾಳಿಂಗಪ್ಪನ ಹೆಗಲ ಕಡೆ ನೋಡಿದ, ಯಂತ್ರದ ಕಡೆ ನೋಡಿದ. ಬಡಿಗೇರ ಅಂಗಡಿಗೆ ಓಡಿ ಎರಡು ಗೂಟ ತಂದು ಯಂತ್ರದ ನೆತ್ತಿ ಮ್ಯಾಲ ಮುಂದಕ್ಕ ಚಾಚೂವಂಗ ಬಡದ. ಮೊಳಿ ಹೊಡಿಯೂದು ತಪ್ಪಿಸಿಕೊಳ್ಳಾಕ ಡಿಸೈನರ್ ಆದಾಂವ ಅವತ್ತ ಎಂಟು ಮೊಳಿ ಹೊಡದ, ಅದೂ ನಗಕೋತ. ರೈತ ತನ್ನ ಟವೆಲ್ ತಾನs ಗೂಟಕ್ಕ ಹಾಕೂದು, ಒಳಗ ತಲಿ ತೂರಸೂದು, ನೋಡೂದು, ಟವೆಲ್ ಕೊಡವಿಕೊಂಡು ಹೋಗೂದು.

ಕಡೀ ಸಂತಿ ದಿನ ಸಿದ್ದಲಿಂಗ ಸಾಹೇಬ್ರು ಜೀಪಿನಿಂದ ಇಳದ್ರು. ಇಸ್ತ್ರಿ ಮಾಡಿದ ಅಂಗಿ, ಕೊರಳಾಗ ಕ್ಯಾಮೆರಾ. ಸಂಗಾಟ ಅನೀಲಕುಮಾರ. ಯಂತ್ರದ ಮುಂದ ಪಾಳಿ ಹಚ್ಚಿತ್ತು, ಖರೆ. ಆದ್ರ ಸಾಹೇಬ್ರಿಗೆ ಕಂಡದ್ದೇನು? ಗೂಟಕ್ಕ ಜೋತ ಒಂದು ಹಳೇ ಟವೆಲ್, ಅದರ ಕೆಳಗ ಒಂದು ಧೋತ್ರ, ಎರಡು ಕಾಲು. ಅಂವ ಹೊರಗ ಬಂದ್ರ ಇನ್ನೊಂದು ಟವೆಲ್, ಇನ್ನೆರಡು ಕಾಲು. ಸಾಹೇಬ್ರು ಹನ್ನೆರಡು ಫೋಟೋ ಹೊಡದ್ರು. ಹನ್ನೆರಡರಾಗೂ ಟವೆಲ್.

“ಇದೇನ್ರಿ ಅನೀಲಕುಮಾರ, ಹಳೇ ಫೋಟೋ ಸ್ಟುಡಿಯೋ ಇಟ್ಟೀರೇನು?”

ಅನೀಲಕುಮಾರ ಬೆವತ. “ಸರ್, ನಾ ದನಿ ಇಟ್ಟಿದ್ದೆ, ಚಿತ್ರಾನೂ ಇದ್ವು. ಎಲ್ಲಾ ಈ ಪೇಂಟರನs ತಗದಾನ ಸರ್.” ಕೈ ಝಾಡಿಸಿಕೊಂಡs ಬಿಟ್ಟ, ಭಾಡ್ಯಾ.

ನಡು ಹಗಲಿಗೆ ಲೆಕ್ಕ ತಗದ್ರು. ದರ ನೋಡಿದಾಂವ್ರು ನೂರಾ ಮೂವತ್ತೇಳು ಮಂದಿ. ಸಾಹೇಬ್ರು ಆ ಅಂಕಿನ್ನ ಎರಡು ಸಲ ನೋಡಿ ಯಲ್ಲಾಲಿಂಗನ ಕಡೆ ತಿರಗಿದ್ರು.

“ಲೆಕ್ಕ ಛಲೋ ಐತಿ. ಆದ್ರ ಪರದಿನs ಕಾಣವಲ್ದಲ್ರಿ? ಚಿತ್ರ ಇಲ್ಲ, ಬಣ್ಣ ಇಲ್ಲ. ಇದಕ್ಕ ಡಿಸೈನರ್ ಯಾಕ ಬೇಕು? ನೀವು ಮಾಡಿದ್ದರ ಏನು?”

ಯಲ್ಲಾಲಿಂಗ ಯಂತ್ರದ ಕಡೆ ತಿರಗಿ ನೋಡಿದ. ಹೌದಲ್ಲ, ತೋರಸಾಕ ಏನೈತಿ? ಇಪ್ಪತ್ತು ವರ್ಷ ‘ನೋಡ್ರಿ ನನ್ನ ಕೆಲಸ’ ಅಂದಾಂವ, ಇವತ್ತ ತೋರಸಾಕ ಗೂಟ ಎರಡs. ಇಂಡಿಯ ಮೊಳಿ ಡಬ್ಬಿ ಕಣ್ಣ ಮುಂದ ಬಂತು. ಒಂದು ಹೆಜ್ಜಿ ಮುಂದ ಬಂದು ಕೇಳಿದ:

“ಸಾಹೇಬ್ರ, ನಿಮ್ಮೂರು ಯಾವುದ್ರಿ?”

“ನಾಲತವಾಡ, ಮುದ್ದೇಬಿಹಾಳ ತಾಲೂಕು. ಯಾಕ?”

“ಮನ್ಯಾಗ ತೊಗರಿ ಅದಾವೇನ್ರಿ?”

“ಅದಾವ, ಸ್ವಲ್ಪ.”

“ಎಷ್ಟು ಚೀಲ್ರಿ?”

ಸಾಹೇಬ್ರು ಅನೀಲಕುಮಾರನ ಕಡೆ ನೋಡಿದ್ರು. ಆಚೆ ಅಂಗಡಿ ಕಟ್ಟಿ ಮ್ಯಾಲ ಕಿವಿ ಚಾಚಿ ಕುಂತ ಗುರಪ್ಪನ ಕಡೆ ನೋಡಿದ್ರು. “ಅದೆಲ್ಲಾ ನಿಮಗ್ಯಾಕ?” ಅಂದ್ರು, ದನಿ ಇಳಿಸಿ.

“ನೋಡ್ರಿ, ನೀವೂ ಹೇಳಲಿಲ್ಲ” ಅಂದ ಯಲ್ಲಾಲಿಂಗ. ತನ್ನ ಹೆಗಲ ಮ್ಯಾಲಿನ ಟವೆಲ್ ತಗದು ಚಾಚಿದ. “ಹಿಡೀರಿ. ಮುದ್ದೇಬಿಹಾಳ ಬಲಗಡೆ ಕೆಳಗಿನ ಮೂಲ್ಯಾಗೈತಿ.”

ಸಾಹೇಬ್ರು ಅತ್ತ ನೋಡಿದ್ರು, ಇತ್ತ ನೋಡಿದ್ರು. ಟವೆಲ್ ಗೂಟಕ್ಕ ಹಾಕಿ, ಕ್ಯಾಮೆರಾ ಸಮೇತ ಒಳಗ ತಲಿ ಇಟ್ರು. ಹೊರಗ ಇಸ್ತ್ರಿ ಅಂಗಿ ಬೆನ್ನು ಅಷ್ಟs ಉಳೀತು. ಒಂದು ನಿಮಿಷಾತು, ಎರಡಾತು, ಐದಾತು. ಪಾಳಿಯೊಳಗಿನ ಮಾಳಿಂಗಪ್ಪ ಒದರಿದ: “ಏ ಸಾಹೇಬ್ರ, ಬರ್ರಿ ಲಗೂ! ನಮಗೂ ತೊಗರಿ ಅದಾವ!”

ಸಾಹೇಬ್ರು ಹೊರಗ ಬಂದಾಗ ಕೂದಲಾ ಕೆದರಿತ್ತು, ಮಾರಿ ಅರಳಿತ್ತು. “ದರ ಏನೈತ್ರಿ ಸರ್?” ಅಂತ ಅನೀಲಕುಮಾರ ಕೇಳಿದ್ದಕ್ಕ ಉತ್ತರ ಕೊಡಲಿಲ್ಲ. ಗೂಟದ ಟವೆಲ್ ತಗದು ತಮ್ಮ ಕೈ ಮ್ಯಾಲ ಹಾಸಿಕೊಂಡು ಯಲ್ಲಾಲಿಂಗಗ ಚಾಚಿದ್ರು.

“ಪೇಂಟರ್, ಎಷ್ಟು ಊರಿನ ಪರದಿ ಸಂಭಾಳಸ್ತೀರಿ?”

ಯಲ್ಲಾಲಿಂಗ ಕೈ ಒಳಗ ಹಾಕಿದ. ಸಾಹೇಬ್ರು ಒಂದು ಬೆರಳು ಒತ್ತಿದ್ರು: ಸಿಂದಗಿ. ಇಂವ ನಾಕೂ ಬೆರಳು ಹಿಡದ. ಸಾಹೇಬ್ರು ಎರಡು ಬೆರಳು ಒತ್ತಿದ್ರು. ಇಂವ ಬಿಡಲಿಲ್ಲ. ಮೂರು ಒತ್ತಿದ್ರು. ಇಂವ ಕಣ್ಣು ಮುಚ್ಚಿ ಗಟ್ಟಿ ಹಿಡದ. ಸುತ್ತ ಸಂತಿನs ನಿಂತು ನೋಡಾಕತ್ತಿತ್ತು, ಒಳಗ ಏನಾತು ಅಂತ ಒಬ್ಬರಿಗೂ ತಿಳೀಲಿಲ್ಲ. ಕಡೀಗೆ ಸಾಹೇಬ್ರು ನಕ್ಕು ಟವೆಲ್ ಕೊಡವಿ ಕೊಟ್ಟು ಜೀಪ್ ಹತ್ತಿದ್ರು.

ಇಳಿ ಹೊತ್ತಿನ್ಯಾಗ ಯಲ್ಲಾಲಿಂಗ ಮನಿಗೆ ಬಂದ. ರೇಣುಕಾ ಮಶೀನ್ ತುಳಿಯೂದು ನಿಲ್ಲಿಸಿದ್ಳು. “ಏನಾತು?”

ಇಂವ ಟವೆಲ್ ಹಾಸಿದ ಕೈ ಮುಂದ ಮಾಡಿದ.

“ನಿನ್ನ ಸಂತಿ ಆಟ ನನ್ನ ಮುಂದ ಬ್ಯಾಡ. ಬಾಯಿ ಬಿಟ್ಟು ಹೇಳು!”

ಬಾಯಿ ಬಿಟ್ಟ. ಇಪ್ಪತ್ತು ವರ್ಷ ಊರ ತುಂಬ ಅಕ್ಷರ ಬರದಾಂವನ ಬಾಯಿಂದ ಒಂದು ಅಕ್ಷರ ಹೊಂಡಲಿಲ್ಲ, ಕಣ್ಣಾಗ ನೀರು ಅಷ್ಟs ಬಂತು. ರೇಣುಕಾ ಎದ್ದು ಬಂದ್ಳು. ಹೋತು ನೌಕರಿ ಅಂತ ತಿಳಕೊಂಡು, ಸಮಾಧಾನ ಮಾಡಾಕ ಟವೆಲ್ಲಿನ ಕೆಳಗ ಕೈ ಹಾಕಿ ಅವನ ಕೈ ಹಿಡದ್ಳು. ಅಂವ ಅಕಿ ಬೆರಳು ಒಂದೊಂದs ಒತ್ತಿದ. ಒಂದು. ಎರಡು. ಮೂರು. ನಾಕು.

“ನಾಕೂ?” ಅಂದ್ಳು ರೇಣುಕಾ.

ಅಂವ ಗೋಣು ಹಾಕಿದ. ಅಕಿ ಕೈ ಕಿತಗೊಂಡು, ಕೊರಳಾಗಿನ ಅಳತಿ ಟೇಪ್ ಹಂಗs ಜೋತಾಡಿಸಿಕೋತ ಬಾಗಿಲಿಗೆ ಓಡಿದ್ಳು. ಇಡೀ ಓಣಿ ಹೊರಗ ಬರೂವಂಗ ಒದರಿದ್ಳು:

“ಗುಂಡವ್ವಾ! ಏ ಗುಂಡವ್ವಾ! ನಾಕ ಊರಬೇ, ನಾಕ ಊರು!”