ಟಿವಿಯ ದನಿ ಏರಿಸಿದವಳು

ತುಟಿಗಳು ಮಾತ್ರ ಆಡುತ್ತಿವೆ, ಟಿವಿಯೊಳಗಿನ ಅತ್ತೆ ಸೊಸೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾಳೆ, ದನಿ ಚೂರೂ ಇಲ್ಲ, ರಿಮೋಟು ತಂಗಿಯ ಮಡಿಲಲ್ಲಿದೆ, ಕತ್ತರಿಯ ಪಕ್ಕದಲ್ಲಿ, ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಲೇ ಅವಳು ಮಂಚದ ಮೇಲಿನ ಅಕ್ಕನನ್ನು ಓರೆಗಣ್ಣಿನಲ್ಲಿ ನೋಡುತ್ತಾಳೆ — ನೋಡು ಅಕ್ಕ, ಚೆನ್ನಾಗಿ ನೋಡು, ಬೈಗುಳ ಕೇಳಿಸದ ಧಾರಾವಾಹಿ, ಉಪ್ಪಿಲ್ಲದ ಊಟ, ಉಣ್ಣು. ಲಕ್ವ ಹೊಡೆದು ಅಕ್ಕನ ಮಾತು ಬಿದ್ದುಹೋಗಿ ಎರಡು ತಿಂಗಳು, ಈಗ ಆಡುವುದೆಂದರೆ ಕಣ್ಣು ಮತ್ತು ಬಲಗೈಯ ಹೆಬ್ಬೆರಳು, ಅದೇ ಹೆಬ್ಬೆರಳು, ರಿಮೋಟಿನ ಮೇಲಿನ ಅಂಕಿಗಳನ್ನೆಲ್ಲ ಒತ್ತಿ ಒತ್ತಿ ಅಳಿಸಿದ್ದು, ಮಂಚದ ಪಟ್ಟಿಯ ಮೇಲೆ ಸುಮ್ಮನೆ ಅಲುಗುತ್ತದೆ, ಅಲುಗಲಿ, ಮಾಡಿದ್ದುಣ್ಣೋ ಮಹಾರಾಯ. ಕೇಬಲ್ ಬಂದ ದಿನ ಇಬ್ಬರೂ ಮಕ್ಕಳ ಹಾಗೆ ಕೂತಿದ್ದರು, ನೂರು ಚಾನೆಲ್, ಒಂದರಲ್ಲಿ ತಿಮಿಂಗಿಲ, ಒಂದರಲ್ಲಿ ಯಾರದೋ ಮದುವೆ, ಇನ್ನು ನಮಗೆ ಯಾರೂ ಬೇಡ ಕಣೇ, ಬೇಜಾರು ಅಂದ್ರೇನು ಅಂತಾನೇ ಗೊತ್ತಾಗಲ್ಲ, ಅಂದಿದ್ದಳು ಅಕ್ಕ, ನಿಜ, ಸಂಜೆಗಳು ಸರಸರ ಸರಿದವು, ವರ್ಷಗಳೂ ಅದೇ ದಾರಿ ಹಿಡಿದವು, ನಿನಗೆ ಬೇಡದಿರಬಹುದು ಅಕ್ಕ, ನನಗೆ ಬೇಕಿತ್ತು, ಆ ಗಡಿಯಾರ ರಿಪೇರಿಯವನು ಬೇಕಿತ್ತು. ಬುಧವಾರ ಸಂಜೆ ಬರ್ತೀನಿ, ಎರಡು ಸಲ ಬಡಿದು, ಸ್ವಲ್ಪ ತಡೆದು, ಇನ್ನೊಂದು ಸಲ ಬಡೀತೀನಿ, ನೀನು ಬಾಗಿಲು ತೆಗೆದ್ರೆ ಮದುವೆಗೆ ಹೂಂ ಅಂತ, ಇಲ್ಲಾಂದ್ರೆ ಊರೇ ಬಿಟ್ಟು ಹೋಗ್ತೀನಿ, ಅಂದಿದ್ದ ಅವನು. ಆ ಬುಧವಾರ ತಂಗಿ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ನಿಲ್ಲಿಸಿ ಮೈಯೆಲ್ಲ ಕಿವಿಯಾಗಿ ಕೂತಿದ್ದಳು, ನಡುಮನೆಯ ಟಿವಿ ಒಮ್ಮೆಲೇ ಅಬ್ಬರಿಸಿತು, ಧಾರಾವಾಹಿಯ ಮದುವೆ, ಡೋಲು, ಯಾರಾದ್ರೂ ಬಂದಿದ್ರಾ ಅಕ್ಕ, ನಮ್ಮನೆಗೆ ಯಾರೇ ಬರ್ತಾರೆ. ಬರಲೇ ಇಲ್ಲವೆಂದು ಹದಿನೆಂಟು ವರ್ಷ ಅವನನ್ನೇ ಶಪಿಸಿದಳು.

ಹೋದ ತಿಂಗಳು ಅಕ್ಕನನ್ನು ನೋಡಲು ಬಂದ ಎದುರುಮನೆ ಅಜ್ಜಿ ಬಾಯಿಬಿಟ್ಟಳು — ಪಾಪ, ಆ ಗಡಿಯಾರದವನು ಅವತ್ತು ಎಷ್ಟು ಹೊತ್ತು ಬಡಿದ, ಕಿಟಕೀಲಿ ಕಾಣ್ತಿತ್ತಲ್ಲ, ನಿಮ್ಮಕ್ಕ ಬಾಗಿಲ ಕಡೆ ನೋಡಿದ್ಲು, ರಿಮೋಟ್ ತಗೊಂಡು ಸೌಂಡ್ ಜಾಸ್ತಿ ಮಾಡಿದ್ಲು. ಅಂದಿನಿಂದ ಈ ಮನೆಯಲ್ಲಿ ಟಿವಿಗೂ ಬಾಯಿಲ್ಲ, ಒಡಲ ಕಿಚ್ಚಿಗೆ ಎಷ್ಟು ತಂಪು, ನಾಳೆಯೂ ಹೀಗೆ, ನಾಡಿದ್ದೂ ಹೀಗೆ, ಹದಿನೆಂಟು ವರ್ಷ ಹೀಗೇ — ಏನದು, ಟಕ್ ಟಕ್, ಹಲ್ಲಿನಲ್ಲಿ ಕಚ್ಚಿದ ದಾರ ಅಲ್ಲೇ ನಿಲ್ಲುತ್ತದೆ, ಟಕ್, ಬಾಗಿಲಲ್ಲಿ ಯಾರೂ ಇಲ್ಲ, ಮಂಚದ ಪಟ್ಟಿ, ಹೆಬ್ಬೆರಳು, ಎರಡು ಸಲ, ತಡೆದು, ಒಂದು ಸಲ, ಹಾಗಾದರೆ ಅವಳಿಗೆ ಅಂದು ಎಲ್ಲ ಕೇಳಿಸಿತ್ತು, ಎಣಿಸಿಕೊಂಡೇ ಕೂತಿದ್ದಳು, ಇಷ್ಟು ವರ್ಷ ಮರೆತಿಲ್ಲ, ಕ್ಷಮಿಸು ಅನ್ನುತ್ತಿದ್ದಾಳೋ ಅಣಕಿಸುತ್ತಿದ್ದಾಳೋ, ಕಣ್ಣಲ್ಲಿ ನೀರಾಡಿದೆ, ಬೇಡ, ನಿನ್ನ ಕಣ್ಣೀರು ನನಗೆ ಬೇಡ, ನಿಲ್ಲಿಸು, ತಂಗಿ ರಿಮೋಟು ಎತ್ತಿ ಒತ್ತುತ್ತಾಳೆ, ಟಿವಿಯ ಅತ್ತೆ ಅರಚತೊಡಗುತ್ತಾಳೆ, ಇನ್ನೂ ಒತ್ತುತ್ತಾಳೆ, ಇನ್ನೂ, ಕಿಟಕಿಯ ಗಾಜು ನಡುಗುವಷ್ಟು, ಟಕ್ ಟಕ್ ಈಗ ಕೇಳಿಸುವುದಿಲ್ಲ, ಕಾಣಿಸುತ್ತದೆ, ಎರಡು ಸಲ, ತಡೆದು, ಒಂದು ಸಲ, ಹೆಬ್ಬೆರಳು, ಮಂಚದ ಮೇಲೆ ಅಕ್ಕನದು, ರಿಮೋಟಿನ ಮೇಲೆ ತನ್ನದು, ಹೆಬ್ಬೆರಳು