ಕೂದಲು ಮುಟ್ಟದ ಕತ್ತಿ

ಕತ್ತಿಯಲ್ಲಿ ಏನಾದರೊಂದು ಐಬು ಸಿಗಲಿ ಎಂದು ಯುವರಾಜ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಕ್ಷೌರ ಮಾಡಿ ಉಣ್ಣುವವನು ಹೊಸ ಕ್ಷೌರದ ಕತ್ತಿಯನ್ನು ಕೈಯಲ್ಲಿ ಹಿಡಿದು ಹೀಗೆ ಬೇಡಿಕೊಳ್ಳಬಾರದು. ಅದು ಅವನಿಗೂ ಗೊತ್ತಿತ್ತು. ಆದರೆ ಅಂಜಿಕೆ ಹೊಟ್ಟೆಯೊಳಗೆ ಹೊಕ್ಕು ಕೂತ ಮೇಲೆ ಬೇಕು ಬೇಡ ಯಾರು ಕೇಳುತ್ತಾರೆ?

ದೇವರ ಹಿಪ್ಪರಗಿಯ ತಂಗಿಯ ಮನೆಯಲ್ಲಿ ಅಂದು ಜಾವಳ. ತಂಗಿ ಸುಜಾತಾಳ ಮಗಳು ಸಮೃದ್ಧಿಯ ಹುಟ್ಟುಗೂದಲು ತೆಗೆಯಬೇಕಿತ್ತು. ಸೋದರಮಾವನೂ ಅವನೇ, ಕ್ಷೌರ ಬಲ್ಲವನೂ ಅವನೇ. ಹಾಗಾಗಿ ನುಣುಚಿಕೊಳ್ಳಲು ದಾರಿ ಇರಲಿಲ್ಲ. ತಂಗಿಯ ಅತ್ತೆ ಕಸ್ತೂರೆವ್ವನ ಮನೆತನದಲ್ಲಿ ಒಂದು ಪದ್ಧತಿ. ಜಾವಳಕ್ಕೆ ಹೊಸದಾಗಿ ಮಾಡಿಸಿದ ಕತ್ತಿಯೇ ಆಗಬೇಕು, ಕೂಸಿನ ತಲೆಗಿಂತ ಮೊದಲು ಅದು ಯಾರ ಕೂದಲನ್ನೂ ಮುಟ್ಟಿರಬಾರದು. ಸೋದರಮಾವ ಅದನ್ನು ಎಲ್ಲರ ಮುಂದೆ ಕಣ್ಣಿನಿಂದ, ಕಿವಿಯಿಂದ, ಉಗುರಿನಿಂದ ಪರೀಕ್ಷೆ ಮಾಡಿ ‘ಒಪ್ಪಿತು’ ಎನ್ನಬೇಕು. ಒಪ್ಪದಿದ್ದರೆ ಜಾವಳ ಮುಂದಕ್ಕೆ ಹೋಗುತ್ತದೆ, ಮಾಡಿದವನು ಬೇರೆ ಕತ್ತಿ ಮಾಡಿ ತರಬೇಕು. ಕೂದಲಿನ ಮೇಲೆ ಎಳೆದು ನೋಡದೆ ಕತ್ತಿಯನ್ನು ಒಪ್ಪುವುದೆಂದರೆ ಉಪ್ಪು ನೋಡದೆ ಊರಿಗೆಲ್ಲ ಸಾರು ಬಡಿಸಿದ ಹಾಗೆ. ಸಾರಿಗಾದರೆ ಆಮೇಲೆ ಉಪ್ಪು ಹಾಕಬಹುದು.

ಅಂಜಿಕೆಗೆ ಕಾರಣವೂ ಇತ್ತು. ಕೂಸಿನ ಎಡಗಿವಿಯ ಹಿಂದೆ, ಕೂದಲೊಳಗೆ, ಹುಟ್ಟಿನಿಂದ ಬಂದ ಒಂದು ಕೆಂಪು ಗಂಟು. ತೊಗರಿಕಾಳಿಗಿಂತ ತುಸು ದೊಡ್ಡದು. ತಾನಾಗಿಯೇ ಕರಗುತ್ತದೆ, ಆದರೆ ಹರಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಜೋಪಾನ ಎಂದು ವಿಜಯಪುರದ ಡಾಕ್ಟರು ಹೇಳಿ ಕಳಿಸಿದ್ದರು. ಯುವರಾಜನಿಗೆ ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡ್ ಹತ್ತಿರ ಸ್ವಂತ ಅಂಗಡಿ ಇತ್ತು, ಒಳ್ಳೆಯ ಹೆಸರೂ ಇತ್ತು. ಆದರೆ ಅಲ್ಲಿ ಅರ್ಧ ಬ್ಲೇಡು ಸಿಗಿಸಿ ಎಸೆಯುವ ಕೆಲಸ. ಅಪ್ಪ ತೀರಿಹೋದ ಮೇಲೆ ಇಡೀ ಅಲಗಿನ ಕತ್ತಿಯನ್ನು ಅವನು ಮುಟ್ಟಿದ್ದೇ ಇಲ್ಲ. ಈ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಅಂಗಳದಲ್ಲಿ ಇಂಡಿ, ಮುದ್ದೇಬಿಹಾಳ ಕಡೆಯ ಬೀಗರೆಲ್ಲ ಚಹಾ ಮುಗಿಸಿ ಕೂತಿದ್ದರು. ಬೇವಿನ ಮರದ ಕೆಳಗೆ ಕತ್ತಿ ಮಾಡಿದ ಸಿಂದಗಿಯ ಚಮನಸಾಬ. ಅಂಥ ಬಿಸಿಲಲ್ಲೂ ಮುದುಕ ತುಂಬುತೋಳಿನ ಅಂಗಿ ಹಾಕಿ ಮುಂಗೈ ಗುಂಡಿ ಬಿಗಿದುಕೊಂಡು, ಪರೀಕ್ಷೆಗೆ ಕೂತವನಂತೆ ಮುಖ ಮಾಡಿಕೊಂಡಿದ್ದ.

ಯುವರಾಜ ಕತ್ತಿಗೆ ಸುತ್ತಿದ್ದ ಅರಿಷಿಣದ ಬಟ್ಟೆ ಬಿಚ್ಚಿದ. ಮೊದಲು ಹಿಡಿ ನೋಡಿದ. ಎಮ್ಮೆಕೊಂಬಿನ ಎರಡು ತೆಳು ಪಟ್ಟಿ, ಕಪ್ಪಿನ ನಡುವೆ ಜೇನುಬಣ್ಣದ ಗೆರೆ, ಹಿತ್ತಾಳೆಯ ಮೊಳೆ. ಮೊಳೆಯ ತಲೆ ಬೆರಳಿಗೆ ತಾಗಲೇ ಇಲ್ಲ, ಅಷ್ಟು ನಯವಾಗಿ ಮುದುಕ ಉಜ್ಜಿದ್ದ. ತೆರೆದ, ಮುಚ್ಚಿದ. ಅಲಗು ಎರಡು ಪಟ್ಟಿಗಳ ನಟ್ಟನಡುವೆ ಬಂದು ಕೂತಿತು, ಯಾವ ಮಗ್ಗುಲಿಗೂ ಉಜ್ಜಲಿಲ್ಲ. ಮೊಳೆ ಸಡಿಲವಿದ್ದರೆ ಅಲಗು ಕೈಯಲ್ಲಿ ಹೊರಳುತ್ತದೆ. ಇದು ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಬೆನ್ನನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ; ಡೊಂಕಿರಲಿಲ್ಲ. ಅಲಗಿನ ಎರಡೂ ಮೈಯನ್ನು ಒಂದೇ ಸಮ ಒಳಗೆ ತಗ್ಗಿಸಿ ತೆಗೆದಿದ್ದ. ಉಗುರಿನಿಂದ ಮೀಟಿದರೆ ಸಣ್ಣ ದನಿ ಹೊರಟು ನಿಧಾನ ಆರಿತು. ಒಳಗೆ ಬಿರುಕಿದ್ದರೆ ಆ ದನಿ ಬರುವುದಿಲ್ಲ.

ಒಂದೊಂದು ಒಳ್ಳೆಯ ಗುಣ ಕಂಡ ಹಾಗೆಲ್ಲ ಅವನ ಬಾಯಿ ಒಣಗುತ್ತ ಬಂತು. ಹೆಬ್ಬೆರಳಿನ ಉಗುರನ್ನು ಒದ್ದೆ ಮಾಡಿ ಅದರ ಮೇಲೆ ಅಲಗಿನ ಬಾಯಿಯನ್ನು ಮೆಲ್ಲಗೆ ಎಳೆದ. ಬುಡದಿಂದ ತುದಿಯವರೆಗೂ ಒಂದೇ ಹದದಲ್ಲಿ ಕಚ್ಚಿತು. ಇಷ್ಟು ಹರಿತ ಕತ್ತಿಯನ್ನು ಅವನು ಈವರೆಗೆ ಹಿಡಿದಿರಲಿಲ್ಲ.

"ಹೆಂಗೈತಿ ತಮ್ಮಾ?" ಕಸ್ತೂರೆವ್ವ ಕೇಳಿದಳು. ಕ್ಷೌರದ ಮನೆತನದ ಹಿರಿಯಳು, ಪದ್ಧತಿಯ ವಿಷಯಕ್ಕೆ ಬಂದರೆ ಹೆತ್ತ ಮಗನನ್ನೂ ಬಿಡುವವಳಲ್ಲ. ಹಿಂದಿನ ದಿನ ತಂದಾಗಿನಿಂದ ಕತ್ತಿ ಅವಳ ದೇವರ ಕೋಣೆಯಲ್ಲೇ ಇತ್ತು.

"ನೋಡಾಕತ್ತೇನ್ರಿ."

ಒಡಕು ದನಿ ಬರ್ತೈತಿ ಎಂದು ಒಂದು ಮಾತು ಅಂದರೆ ಸಾಕು, ಇವತ್ತಿನ ಗಂಡಾಂತರ ತಪ್ಪುತ್ತದೆ. ಆ ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಅಷ್ಟು ಬೀಗರ ಮುಂದೆ ಚಮನಸಾಬನ ಹೆಸರು ಮಣ್ಣುಪಾಲಾಗುತ್ತದೆ. ಮುದುಕ ಕಣ್ಣು ಮಿಟುಕಿಸದೆ ಇವನ ತುಟಿಯನ್ನೇ ನೋಡುತ್ತಿದ್ದ. ಯುವರಾಜ ಮಾತನ್ನು ನುಂಗಿಕೊಂಡ. ನುಂಗಿಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಆಗ ತುದಿ ಕಂಡಿತು. ಅಲಗು ಮುಗಿಯುವಲ್ಲಿ ಮುದುಕ ಚೂಪಾದ ಮೂಲೆ ಬಿಟ್ಟಿದ್ದ. ಮೀಸೆಯ ಅಂಚು ತಿದ್ದುವುದಕ್ಕೆ ಅದರಷ್ಟು ಚೆಂದದ್ದು ಬೇರೆ ಇಲ್ಲ. ಆದರೆ ಕಿವಿಯ ಹಿಂದೆ, ಗಂಟಿನ ಪಕ್ಕದಲ್ಲಿ?

"ಕಾಕಾ, ಎಲ್ಲಾ ಬರೋಬ್ಬರಿ ಐತ್ರಿ. ಮೂಲಿ ಒಂದ ಚೂಪ ಆತು. ಕೂಸಿನ ತಲಿಗೆ ದುಂಡಗ ಬೇಕು."

ಚಮನಸಾಬನ ಮುಖ ಇಳಿಯಿತು. "ಮೀಸಿ ನೆನಪಿನ್ಯಾಗ ಮಾಡೀನಪ್ಪ. ಕೂಸ ಅನ್ನೂದು ಕೈಗೆ ಹೊಳೀಲಿಲ್ಲ," ಎಂದು ಚೀಲದಿಂದ ಸಾಣೆಕಲ್ಲು ತೆಗೆದುಕೊಟ್ಟ. "ತಗೊ, ನೀನ ಸವಸು. ನಿನಗ ಬೇಕಾದಷ್ಟ ಸವಸು."

ಯುವರಾಜ ಕಲ್ಲು, ಕತ್ತಿ ಹಿಡಿದು ಹಿತ್ತಲ ಬಚ್ಚಲಿಗೆ ಹೋದ. ನೀರು ಬಿಟ್ಟು ಮೂಲೆಯನ್ನು ತಿಕ್ಕಿದ. ಚೂಪು ಹೋಗಿ ಬೆರಳಿಗೆ ದುಂಡಗೆ ಹತ್ತಿತು. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಕಾಲು ಹೊರಗೆ ಬರಲೊಲ್ಲವು. ಈ ಕತ್ತಿ ತನ್ನ ಕೈಯಲ್ಲಿ ಹೇಗೆ ಓಡುತ್ತದೆ ಎಂದು ಗೊತ್ತಿಲ್ಲದೆ, ಮೆತ್ತಗಿನ ನೆತ್ತಿಯ ಮೇಲೆ, ಆ ಗಂಟಿನ ಬದಿಯಲ್ಲಿ ಎಳೆಯಬೇಕು. ಹೊರಗೆ ಸಮೃದ್ಧಿ ಯಾರ ತೊಡೆಯ ಮೇಲೋ ಕೂತು ಕೇಕೆ ಹಾಕುತ್ತಿದ್ದಳು. ಆ ನಗು ಕೇಳಿ ಅವನಿಗೆ ಅಳು ಬರುವಂತಾಯಿತು.

ಅಂಗಿಯ ತೋಳು ಮಡಚಿದ. ಮುಂಗೈಗೆ ನೀರು ಹಚ್ಚಿದ. ಒಮ್ಮೆ ಎಳೆದ. ಕತ್ತಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು, ಕೂದಲು ಅಲಗಿನ ಮೇಲೆ ಕರಿ ಗೆರೆಯಾಗಿ ಕೂತಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಕಸ್ತೂರೆವ್ವ.

ಅವನ ಜೀವ ಹಾರಿಹೋಯಿತು. ಕತ್ತಿ ಕೆಟ್ಟಿತು, ಜಾವಳ ಕೆಟ್ಟಿತು, ಇನ್ನು ಈ ಮನೆಯಲ್ಲಿ ತಂಗಿ ತಲೆಯೆತ್ತುವ ಹಾಗಿಲ್ಲ ಎಂದುಕೊಂಡ. "ಯವ್ವಾ, ತಪ್ಪಾತ್ರಿ. ಅಂಜಿಕಿ ಬಂತ್ರಿ," ಎಂದಷ್ಟೇ ಹೇಳಲು ಆಯಿತು.

ಕಸ್ತೂರೆವ್ವ ಬಾಗಿಲು ಎಳೆದುಕೊಂಡು ಒಳಗೆ ಬಂದಳು. ಬೈಯಲಿಲ್ಲ. ಅಲಗನ್ನು ನೀರಿನಲ್ಲಿ ಅದ್ದಿ ಕೂದಲು ತೊಳೆದಳು. ಆಮೇಲೆ ಸೆರಗು ಸರಿಸಿ ತಲೆಯನ್ನು ವಾರೆ ಮಾಡಿದಳು. ಎಡಗಿವಿಯ ಹಿಂದೆ, ಬಿಳಿ ಕೂದಲ ನಡುವೆ, ಹೆಬ್ಬೆರಳಗಲ ನುಣ್ಣಗೆ ಬೋಳಾಗಿತ್ತು. ಅದೇ ಜಾಗ.

"ನಿನ್ನಿ ಸಂಜಿಕೆ ಕನ್ನಡಿ ಮುಂದ ಕುಂತು ಎಳಕೊಂಡೀನಿ," ಎಂದಳು. "ನಿನ್ನದು ಎರಡನೇದು."

ಯುವರಾಜ ಆ ಬೋಳು ಜಾಗವನ್ನೂ ತನ್ನ ಮುಂಗೈಯನ್ನೂ ನೋಡಿದ.

"ನನಗೂ ನಿದ್ದಿ ಬಂದಿಲ್ಲ ತಮ್ಮಾ. ಪದ್ಧತಿ ನಾನ ಹಿಡದು ಕುಂತಾಕಿ, ಯಾರ ಮುಂದ ಹೇಳ್ಲಿ? ನಮ್ಮತ್ತಿನೂ ಹಿಂಗ ಮಾಡಿದ್ದಳು, ನಾ ಕಣ್ಣಾರೆ ಕಂಡೀನಿ. ಕತ್ತಿ ಚಲೋ ಐತಿ. ಮೂಲಿ ಒಂದ ನನಗೂ ಚುಚ್ಚಿತ್ತು, ನೀ ಹೇಳ್ತಿಯೋ ಇಲ್ಲೋ ಅಂತ ನೋಡಾಕತ್ತಿದ್ದೆ." ಸೆರಗು ಮತ್ತೆ ತಲೆಯ ಮೇಲೆ ಬಂತು. "ಗಂಟಿನ ಸುತ್ತ ನಾಕು ಕೂದಲಾ ಬಿಡು. ದೇವರಿಗೆ ಅಷ್ಟೂ ತಿಳಿಯೂದಿಲ್ಲೇನು. ನಡಿ."

ಅಂಗಳಕ್ಕೆ ಬಂದು ಯುವರಾಜ "ಒಪ್ಪಿತು" ಅಂದ. ಸುಜಾತಾಳ ಗಂಡ ಸುಭಾಸ ಕೂಸನ್ನು ತೊಡೆಯ ಮೇಲೆ ಅಮರಿಸಿಕೊಂಡು ಕೂತ. ಯುವರಾಜನ ಅಂಜಿಕೆ ಹೋಗಿರಲಿಲ್ಲ. ಆದರೆ ಬಚ್ಚಲಲ್ಲಿ ಅಲಗು ಓಡಿದ ಬಗೆ ಕೈಗೆ ನೆನಪಿತ್ತು. ಎಡಗಿವಿಯ ಹತ್ತಿರ ಬಂದಾಗ ಸುಜಾತಾ ಮುಖ ಮುಚ್ಚಿಕೊಂಡಳು, ಕಸ್ತೂರೆವ್ವ ತನ್ನ ಕಿವಿ ಹಿಡಿದುಕೊಂಡಳು. ಯುವರಾಜ ಉಸಿರು ಬಿಗಿಹಿಡಿದು ಗಂಟನ್ನು ಬೆರಳಿನಿಂದ ಮರೆಮಾಡಿ, ಸುತ್ತ ತುಸು ಕೂದಲು ಬಿಟ್ಟು ಬಳಸಿಕೊಂಡು ಬಂದ. ಕೂಸು ಅತ್ತಿತು, ತಲೆ ಕೊಡವಿತು. ಒಂದು ಹನಿ ರಕ್ತ ಬರಲಿಲ್ಲ. ಅವನು ಕತ್ತಿ ಒರೆಸಿ ಅರಿಷಿಣದ ಬಟ್ಟೆಯ ಮೇಲೆ ಇಟ್ಟ.

ಕಸ್ತೂರೆವ್ವ ತಟ್ಟೆಯಲ್ಲಿ ಕಾಯಿ, ಬೆಲ್ಲ ಇಟ್ಟುಕೊಂಡು ಚಮನಸಾಬನ ಮುಂದೆ ಹಿಡಿದಳು. ಮುದುಕ ಎದ್ದು ಎರಡೂ ಕೈ ಚಾಚಿದ. ಅಂಗಿಯ ತೋಳು ತುಸು ಮೇಲೆ ಸರಿಯಿತು. ಮುಂಗೈಯ ದಟ್ಟ ನರೆಗೂದಲ ನಡುವೆ ಒಂದು ಪಟ್ಟಿ ನುಣ್ಣಗೆ ಬೋಳಾಗಿತ್ತು. ತನ್ನದು ಎರಡನೆಯದಲ್ಲ, ಮೂರನೆಯದು ಎಂದು ಯುವರಾಜನಿಗೆ ಆಗ ತಿಳಿಯಿತು.

ಕಸ್ತೂರೆವ್ವನೂ ನೋಡಿದಳು. ಚಮನಸಾಬ ತಟ್ಟನೆ ತೋಳು ಎಳೆದುಕೊಂಡು ತಲೆ ತಗ್ಗಿಸಿದ. ಅವಳು ಸೆರಗನ್ನು ಕಿವಿಯ ಮೇಲೆ ಇನ್ನಷ್ಟು ಬಿಗಿಯಾಗಿ ಹೊದ್ದಳು, ಯುವರಾಜ ಮಡಚಿದ ತೋಳನ್ನು ಮೆಲ್ಲಗೆ ಇಳಿಸಿದ.

"ಬಿಸಿಲ ಏರಾಕತ್ತೈತಿ," ಎಂದಳು ಕಸ್ತೂರೆವ್ವ, ಯಾರ ಮುಖವನ್ನೂ ನೋಡದೆ. "ಕೂಸಿನ ತಲಿಗೆ ಎಣ್ಣಿ ಹಚ್ಚರಿ."