ಎರಡು ಗೆರೆ ಒಂದಾದದ್ದು

ಕೂದಲೆಳೆಗಿಂತ ನೂರಾರು ಪಾಲು ಸಣ್ಣದಾದ ಎರಡು ಅಯಸ್ಕಾಂತದ ಬಿಲ್ಲೆಗಳು ಸಿಲಿಕಾನ್ ಚಿಪ್‌ನ ಮೇಲೆ ಅಕ್ಕಪಕ್ಕ ಕೂತಿದ್ದವು. ವಿದ್ಯುತ್ ಹರಿಸಿದರೆ ಅವುಗಳೊಳಗಿನ ಕಾಂತತೆ ಬುಗುರಿಯಂತೆ ಗಿರಗಿರನೆ ತಿರುಗಿ ಮೈಕ್ರೋವೇವ್ ಅಲೆ ಹೊಮ್ಮಿಸುತ್ತಿತ್ತು. ಒಂಟಿ ಬಿಲ್ಲೆಯ ಅಲೆ ತೀರ ಕ್ಷೀಣ. ಒಂದರ ಸೆಳೆತ ಇನ್ನೊಂದಕ್ಕೆ ತಾಗಿ ಎರಡೂ ಒಂದೇ ಲಯಕ್ಕೆ ಬಂದರೇನೇ ಉಪಯೋಗ. ಇವೋ ಮುನಿಸಿಕೊಂಡ ಓರಗಿತ್ತಿಯರು. ಪರದೆಯ ಮೇಲೆ ಅವುಗಳ ಅಲೆ ತೋರಿಸುವ ಎರಡು ಗೆರೆಗಳು ದೂರ ದೂರವೇ ನಿಂತಿದ್ದವು. ಸಂಜೆಗೆ ಪ್ರಯೋಗಾಲಯದ ಅಳತೆಯ ಯಂತ್ರ ಬೇರೆಯವರ ಪಾಲಾಗುವುದಿತ್ತು. ಅಷ್ಟರಲ್ಲಿ ಗೆರೆಗಳು ಕೂಡದಿದ್ದರೆ ಪರದೆಯ ಮುಂದೆ ಕೂತಿದ್ದ ಹುಡುಗಿಯ ಇಷ್ಟು ವರ್ಷಗಳ ಸಂಶೋಧನೆ ಮಣ್ಣುಪಾಲು.

ಅವಳ ಹಿಂದೆ ಮಾರ್ಗದರ್ಶಕರಾದ ಮೇಷ್ಟ್ರು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತ ನಿಂತಿದ್ದರು. ಸೂಕ್ಷ್ಮದರ್ಶಕದೊಳಗೆ ಇಣುಕಲು ಬಗ್ಗಿ, ಚಿಪ್‌ನ ಪಕ್ಕ ಕೈ ಊರಿದರು. ಗೆರೆಗಳು ಹತ್ತಿರ ಸರಿದು, ಒಂದಾಗಿ, ಎತ್ತರಕ್ಕೆ ಎದ್ದವು. ಕೈ ತೆಗೆದರೆ ಬೇರೆ, ಊರಿದರೆ ಒಂದು.

“ನಿಮ್ಮ ಕೈಗುಣ ಸರ್,” ಎಂದಳು ಹುಡುಗಿ. ಅವಳ ಕಣ್ಣು ತುಂಬಿತ್ತು.

ಮೇಷ್ಟ್ರ ಮುಖ ಸಪ್ಪಗಾಯಿತು. ಅಂಗಿಯ ತೋಳಿನೊಳಗೆ, ಮಣಿಕಟ್ಟಿನಲ್ಲಿ, ಅಯಸ್ಕಾಂತದ ಪಟ್ಟಿಯೊಂದಿತ್ತು. ನೋವಿಗೆ ಒಳ್ಳೆಯದೆಂದು ಬೆಳಿಗ್ಗೆ ಹೆಂಡತಿ ಕಟ್ಟಿದ್ದು. ಇಂಥದ್ದನ್ನೆಲ್ಲ ಜೀವಮಾನವಿಡೀ ಗೇಲಿ ಮಾಡಿದವರು ಆಕೆಯ ಮುಖ ನೋಡಿ ತೆಪ್ಪಗೆ ಕೈ ಚಾಚಿದ್ದರು. ಅಳತೆ ಕೆಟ್ಟೀತೆಂದು ಬಾಗಿಲಲ್ಲೇ ಎಲ್ಲರ ಮೊಬೈಲು, ಹೇರ್‌ಪಿನ್ನು ತೆಗೆಸುವ ಮನುಷ್ಯ ತನ್ನದನ್ನೇ ಮರೆತಿದ್ದರು. ಬಾಯಿ ಬಿಡದಿದ್ದರೆ ಮಗುವಿನ ಈ ಸಂತೋಷ ಉಳಿಯುತ್ತದೆ. ಆದರೆ ಸುಳ್ಳಿನ ಮೇಲೆ ಕೂತ ಸಂತೋಷಕ್ಕೆ ಯಾವ ದೇವರ ಹತ್ತಿರ ಕೈ ಮುಗಿಯುವುದು?

ಅಂಗಿಯ ತೋಳು ಮಡಚಿ ತೋರಿಸಿದರು. “ಕೈಗುಣ ಅಲ್ಲಮ್ಮ, ಇದು. ನಿನ್ನ ಅಳತೆ ಕೆಡಿಸಿದ್ದು ನಾನೇ.”

ಅವಳು ಪಟ್ಟಿಯನ್ನೇ ನೋಡುತ್ತ ಕೂತಳು. ಆಮೇಲೆ ತುಟಿಯಂಚಿನಲ್ಲಿ ನಗು ಒಡೆಯಿತು. “ನಮಗೆಲ್ಲ ನೀವು ಬೈತಿದ್ರಿ. ನಿಮಗೆ ಯಾರು ಬೈಬೇಕು ಸರ್?”

“ಅದಕ್ಕೆ ಮನೇಲೊಬ್ಬರು ಇದಾರೆ ಬಿಡು.”

ಹುಡುಗಿಗೆ ಏನೋ ಹೊಳೆಯಿತು. ಪಟ್ಟಿ ಬಿಲ್ಲೆಗಳನ್ನು ಓರೆಯಾಗಿ ಎಳೆಯುತ್ತಿದೆ, ನಾವು ಯಂತ್ರದ ದೊಡ್ಡ ಅಯಸ್ಕಾಂತವನ್ನು ಯಾವಾಗಲೂ ನೆಟ್ಟಗೇ ಇಟ್ಟಿದ್ದೆವು ಎಂದಳು. ಪಟ್ಟಿಯನ್ನು ಬಿಚ್ಚಿಸಿ ಹೊರಗಿಟ್ಟು ಬಂದು, ಆ ಅಯಸ್ಕಾಂತವನ್ನು ತುಸು ವಾಲಿಸಿದಳು. ಗೆರೆಗಳು ಅಲುಗಿದವು, ಕೂಡಲಿಲ್ಲ. ಇನ್ನಷ್ಟು ವಾಲಿಸಿದಳು. ಮೆಲ್ಲಗೆ, ಸಂಕೋಚದಿಂದೆಂಬಂತೆ, ಒಂದರೊಳಗೊಂದು ಸೇರಿದವು.

ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಬರಿಗೈಯನ್ನು ಬೆನ್ನ ಹಿಂದೆ ಕಟ್ಟಿ, ಪರದೆಯ ಮೇಲೇ ಕಣ್ಣಿಟ್ಟು, ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಬಾಗಿಲು ದಾಟಿ ಮೊಗಸಾಲೆಯ ಕೊನೆಗೇ ಹೋದರು.

“ಇನ್ನೂ ಒಂದೇ ಇದೆಯೇನಮ್ಮ?” ಅಲ್ಲಿಂದ ಕೇಳಿದರು.

“ಒಂದೇ ಇದೆ ಸರ್.”

ತಾವಿಲ್ಲದೆಯೂ ನಿಂತಿತಲ್ಲ ಎಂದು ಅವರು ಗೋಡೆಗೊರಗಿ ಕಣ್ಣು ಮುಚ್ಚಿದರು.